ಅಜ್ಜಿಯ ಹನ್ನೊಂದು ನಿಮಿಷ

ಎಲ್ಲರಿಗೂ ನಮಸ್ಕಾರ. ಹತ್ತು ನಿಮಿಷ ತಡವಾಗಿ ಬಂದೆ, ಕ್ಷಮಿಸಿ. ಇವತ್ತು ಭಾನುವಾರ, ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಕೆಲವು ಗಂಟೆ ರೈಲು ನಿಲ್ಲಿಸುವುದು. ಅದು ಗೊತ್ತಿದ್ದೂ ಬೇಗ ಹೊರಡದ ಮನುಷ್ಯ ಸಾರಿಗೆ ಬಗ್ಗೆ ಭಾಷಣ ಮಾಡೋಕೆ ನಿಂತಿದ್ದಾನೆ. ನೀವು ನಗಬಹುದು.

ನಾನಿರುವುದು ಮುಂಬೈ ಪಕ್ಕದ ಭಾಯಂದರ್‌ನಲ್ಲಿ. ಅಲ್ಲಿಂದ ನಿಮ್ಮ ಡೊಂಬಿವಲಿಗೆ ನಕ್ಷೆಯ ಮೇಲೆ ಗೆರೆ ಎಳೆದರೆ 30 ಕಿಲೋಮೀಟರ್ ಕೂಡ ಇಲ್ಲ. ಲೋಕಲ್ ರೈಲಿನಲ್ಲೇ ಬರುತ್ತೇನೆ ಅಂದರೆ ಮಾತ್ರ ಮೊದಲು ದಾದರ್‌ವರೆಗೆ ಹೋಗಬೇಕು. ಅಲ್ಲಿ ಬ್ರಿಜ್ ಹತ್ತಿ ವೆಸ್ಟರ್ನ್ ಲೈನಿನಿಂದ ಸೆಂಟ್ರಲ್ ಲೈನಿಗೆ ದಾಟಬೇಕು. ಆಮೇಲೆ ಮತ್ತೆ ಇಷ್ಟು ದೂರ ವಾಪಸ್ ಬರಬೇಕು. ಒಟ್ಟು 70 ಕಿಲೋಮೀಟರ್ ದಾಟುತ್ತದೆ. ಕೈಯನ್ನು ತಲೆ ಸುತ್ತಿಸಿ ಮೂಗು ಹಿಡಿದ ಹಾಗೆ. ಇಲ್ಲದಿದ್ದರೆ ಘೋಡ್‌ಬಂದರ್ ರಸ್ತೆಯಲ್ಲಿ ಬಸ್ಸು ಹಿಡಿದು ಠಾಣೆ, ಅಲ್ಲಿಂದ ರೈಲು. ಇವತ್ತು ನಾನು ಬಂದದ್ದು ಹಾಗೆ.

ತಮಾಷೆ ಏನು ಗೊತ್ತಾ? ವಸಾಯಿ ರೋಡ್‌ನಿಂದ ದಿವಾಕ್ಕೆ ಅಡ್ಡಲಾಗಿ ರೈಲು ಹಳಿ ಇದೆ. ಅದು ನಿಮ್ಮ ಪಕ್ಕದ ಕೋಪರ್ ಸ್ಟೇಷನ್ನಿನ ಮೇಲಿನ ಪ್ಲಾಟ್‌ಫಾರ್ಮ್ ಮೂಲಕವೇ ಹಾದುಹೋಗುತ್ತದೆ. ಹಳಿ ಇದೆ, ಸ್ಟೇಷನ್ ಇದೆ, ಜನ ಇದ್ದಾರೆ. ದಿನಕ್ಕೆ ಓಡುವ ಪ್ಯಾಸೆಂಜರ್ ಗಾಡಿಗಳು ಮಾತ್ರ ಬೆರಳೆಣಿಕೆಯಷ್ಟು. ಒಂದು ತಪ್ಪಿದರೆ ಅಲ್ಲೇ ಕೂತು ಊಟ ಮುಗಿಸಬಹುದು.

ಹೀಗೇಕೆ ಆಯಿತು? 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು, 34 ಕಿಲೋಮೀಟರ್. ಆಗ ಬಂದರು, ಗೋದಾಮು, ವ್ಯಾಪಾರಿಗಳ ಪೇಢಿ ಎಲ್ಲ ದಕ್ಷಿಣ ಮುಂಬೈನ ಕೋಟೆಯ ಸುತ್ತ. ಮುಂದೆ ಬಂದ ಹಳಿಗಳೆಲ್ಲ ಅದೇ ದಿಕ್ಕಿಗೆ ಮುಖ ಮಾಡಿದವು. ಈಗ ಕೆಲಸ ಅಂಧೇರಿಗೆ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ, ಐರೋಳಿಗೆ ಹೋಗಿದೆ. ಹಳಿ ಇನ್ನೂ ಕೋಟೆಯನ್ನೇ ನೋಡುತ್ತಾ ಕೂತಿದೆ. ಪೂರ್ವ-ಪಶ್ಚಿಮ ಹೋಗುವವರಿಗೆ ಬಸ್ಸೇ ಗತಿ. ಅಂಧೇರಿ-ಘಾಟ್ಕೋಪರ್ ನಡುವಿನ 340 ನಂಬರಿನ ಬಸ್ಸಿನಲ್ಲಿ ನೇತಾಡಿದವರು ಇಲ್ಲೂ ಇರಬೇಕು. ಆ ದಾರಿಗೆ ಮೆಟ್ರೊ ಬಂದದ್ದು 2014ರ ಜೂನ್‌ನಲ್ಲಿ, ವರ್ಸೋವಾದಿಂದ ಘಾಟ್ಕೋಪರ್‌ಗೆ 11.4 ಕಿಲೋಮೀಟರ್.

ಮೆಟ್ರೊ ಒಳ್ಳೆಯದೇ, ಅನುಮಾನ ಇಲ್ಲ. ಆದರೆ ಸಂಜೆ ಏಳಕ್ಕೆ ಘಾಟ್ಕೋಪರ್‌ನಲ್ಲಿ ಇಳಿದು ನೋಡಿ. ಅಂಧೇರಿಯಿಂದ ಆರಾಮಾಗಿ, ಎಸಿಯಲ್ಲಿ ಬಂದವರು ಲೋಕಲ್‌ಗೆ ಇಳಿಯುವ ಮೆಟ್ಟಿಲ ಹತ್ತಿರ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಇಂಚಿಂಚು ಸರಿಯುತ್ತಿರುತ್ತಾರೆ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ಒಂದು ಪ್ರದೇಶದ ಸಾರಿಗೆ ಕೆಡುವುದು ಗಾಡಿಯೊಳಗಲ್ಲ, ಗಾಡಿ ಬದಲಿಸುವ ಜಾಗದಲ್ಲಿ. 2017ರ ಸೆಪ್ಟೆಂಬರ್ 29 ನಿಮಗೆ ನೆನಪಿರುತ್ತದೆ. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್, ಬೆಳಿಗ್ಗೆಯ ಮಳೆ. ನೂಕುನುಗ್ಗಲಿನಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಗಾಡಿಯಲ್ಲಲ್ಲ, ಪರೇಲ್ ಕಡೆಗೆ ದಾಟುವ ಇಕ್ಕಟ್ಟಾದ ಬ್ರಿಜ್ ಮೇಲೆ. ಸುತ್ತಲಿನ ಮಿಲ್ಲುಗಳೆಲ್ಲ ಆಫೀಸುಗಳಾಗಿದ್ದವು, ಬ್ರಿಜ್ ಮಾತ್ರ ಅಷ್ಟೇ ಅಗಲ ಉಳಿದಿತ್ತು.

ನನ್ನ ಕೆಲಸದ ಒಂದು ಕಥೆ ಹೇಳುತ್ತೇನೆ. ಒಂದು ನಗರಪಾಲಿಕೆಯ ಬಸ್ ಇಲಾಖೆಯಲ್ಲಿ ಟೈಮ್‌ಟೇಬಲ್ ಮಾಡುತ್ತಿದ್ದೆ. ಯಾವ ಊರಿನದು ಅನ್ನೋದು ಬೇಡ. ಲೋಕಲ್ ಬಂದ ಐದು ನಿಮಿಷಕ್ಕೆ ನಮ್ಮ ಬಸ್ಸು ಸ್ಟೇಷನ್ ಹೊರಗಿನಿಂದ ಹೊರಡುತ್ತಿತ್ತು. ಕಾಗದದ ಮೇಲೆ ಸೊಗಸಾಗಿತ್ತು. ಬಸ್ಸು ಮಾತ್ರ ಅರ್ಧ ಖಾಲಿ ಹೋಗುತ್ತದೆ, ಹಿಂದೆಯೇ ಜನ ಬಂದು ಬೈಯುತ್ತಾರೆ ಅಂತ ಕಂಡಕ್ಟರ್ ಹೇಳಿದ. ಒಂದು ದಿನ ಗಡಿಯಾರ ನೋಡಿಕೊಂಡು ಪ್ಲಾಟ್‌ಫಾರ್ಮಿನಿಂದ ನಡೆದೆ. ನಾಲ್ಕು ನಿಮಿಷ. ಸರಿಯಾಗಿದೆಯಲ್ಲ ಅಂದುಕೊಂಡೆ. ಮರುದಿನ ಒಬ್ಬ ಅಜ್ಜಿಯ ಹಿಂದೆ ನಡೆದೆ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈ ಕಂಬಿಯ ಮೇಲೆ. ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ ನಿಲ್ಲುತ್ತಿದ್ದರು. ಮೇಲೆ ಹತ್ತಿದ ಮೇಲೆ ಚೀಲ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ಒಮ್ಮೆ ಅನುಮಾನದಿಂದ ನೋಡಿದರು. ಹನ್ನೊಂದು ನಿಮಿಷ. ನಾವು ಕೆಳಗೆ ಬಂದಾಗ ಸ್ಟ್ಯಾಂಡಿನಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೇ.

ಏಳು ನಿಮಿಷ ತಡ ಮಾಡಿದರೆ ಆಯ್ತಲ್ಲ ಅಂತೀರಿ. ಲೆಕ್ಕ ಕೇಳಿ. ಒಂದು ರೂಟಿನಲ್ಲಿ ಹೋಗೋಕೆ 40 ನಿಮಿಷ, ಬರೋಕೆ 40, ಎರಡೂ ತುದಿಯಲ್ಲಿ ಐದೈದು ನಿಮಿಷ ನಿಲ್ಲುವುದು. ಒಂದು ಸುತ್ತಿಗೆ 90 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕೆಂದರೆ ಒಂಬತ್ತು ಬಸ್ಸು ಸಾಕು. ಎರಡೂ ತುದಿಯಲ್ಲಿ ಇನ್ನೂ ಐದೈದು ನಿಮಿಷ ನಿಲ್ಲಿಸಿದರೆ ಸುತ್ತು 100 ನಿಮಿಷ ಆಗುತ್ತದೆ, ಹತ್ತನೇ ಬಸ್ಸು ಬೇಕು. ಎರಡು ಪಾಳಿಗೆ ಇಬ್ಬರು ಡ್ರೈವರ್, ಇಬ್ಬರು ಕಂಡಕ್ಟರ್. ಆ ಖರ್ಚು ಬಸ್ಸಿನವರ ಪುಸ್ತಕದಲ್ಲಿ ಕಾಣುತ್ತದೆ. ಅಜ್ಜಿ ನಿಂತ ಹೊತ್ತು ಯಾರ ಪುಸ್ತಕದಲ್ಲೂ ಇಲ್ಲ. ಸಾರಿಗೆ ಯೋಜನೆ ಮಾಡುವವರು ಕಾಯುವ ಒಂದು ನಿಮಿಷವನ್ನು ಗಾಡಿಯಲ್ಲಿ ಕೂತ ಎರಡು ನಿಮಿಷಕ್ಕೆ ಸಮ ಅಂತ ಹಿಡಿಯುತ್ತಾರೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಬಜೆಟ್ ಮೀಟಿಂಗಿನಲ್ಲಿ ಆ ಲೆಕ್ಕ ಎಲ್ಲಿಗೆ ಹೋಗುತ್ತದೋ! ನನಗೆ ಹತ್ತನೇ ಬಸ್ಸು ಸಿಗಲಿಲ್ಲ. ಹನ್ನೆರಡು ನಿಮಿಷಕ್ಕೊಂದು ಬಸ್ಸು ಅಂತ ಮಾಡಿ ಹೊಂದಿಸಿದೆ. ಅದಕ್ಕೂ ಬೈಸಿಕೊಂಡೆ, ಬೇರೆಯವರಿಂದ.

ಇನ್ನೊಂದು ತೊಡಕು ಗಡಿಯದ್ದು. ಮುಂಬೈ ಮಹಾನಗರ ಪ್ರದೇಶದಲ್ಲಿ ಒಂಬತ್ತು ಮಹಾನಗರಪಾಲಿಕೆಗಳಿವೆ. ಮುಂಬೈಗೆ ಬೆಸ್ಟ್ ಅನ್ನುವ ಸಂಸ್ಥೆಯ ಬಸ್ಸು; ಠಾಣೆ, ನವಿ ಮುಂಬೈ, ಕಲ್ಯಾಣ್-ಡೊಂಬಿವಲಿ, ಮೀರಾ-ಭಾಯಂದರ್ ಎಲ್ಲಕ್ಕೂ ಅದರದೇ ಬಸ್ಸು. ನಿಮ್ಮಲ್ಲಿ ಎಷ್ಟು ಜನ ಮಲಗುವುದು ಒಂದು ಪಾಲಿಕೆಯಲ್ಲಿ, ದುಡಿಯುವುದು ಇನ್ನೊಂದರಲ್ಲಿ? ಕೈ ಎತ್ತಿ ನೋಡೋಣ. ಸಾಕು ಸಾಕು, ಇಳಿಸಿ. ದೊಡ್ಡ ನಗರಗಳಿಗೆ ಎಲ್ಲ ಸಾರಿಗೆಯನ್ನೂ ಒಟ್ಟಿಗೆ ನೋಡುವ ಒಂದೇ ಪ್ರಾಧಿಕಾರ ಇರಲಿ ಅಂತ ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತ್ತು. 2025ರ ಅಕ್ಟೋಬರ್‌ನಲ್ಲಿ ಮುಂಬೈ ಒನ್ ಅನ್ನುವ ಆ್ಯಪ್ ಬಂತು. 11 ಸಾರಿಗೆ ಸಂಸ್ಥೆಗಳ ಟಿಕೆಟ್ ಒಂದೇ ಕಡೆ ಸಿಗುತ್ತದೆ. ಒಳ್ಳೆಯ ಕೆಲಸ. ಆದರೆ ಟಿಕೆಟ್ ಒಂದಾದ ಮಾತ್ರಕ್ಕೆ ಬಸ್ಸು ಕಾಯುವುದಿಲ್ಲ ಅಲ್ವಾ? ಟೈಮ್‌ಟೇಬಲ್‌ಗಳೂ ಒಂದೇ ಮೇಜಿನ ಮೇಲೆ ಬರಬೇಕು.

ಸರಿಯಾಗಿ ಆದದ್ದೂ ಇದೆ. ನವಿ ಮುಂಬೈ ಕಟ್ಟಲು 1970ರಲ್ಲಿ ಸಿಡ್ಕೊ ಅನ್ನುವ ಸರ್ಕಾರಿ ಕಂಪನಿ ಶುರುವಾಯಿತು. ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ. ಹಳಿಯ ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಸಿಡ್ಕೊ ಕೊಟ್ಟಿತು, ಉಳಿದದ್ದು ರೈಲ್ವೆ. ರೈಲು ಬಂದರೆ ಸುತ್ತಲ ಜಾಗದ ಬೆಲೆ ಏರುತ್ತದೆ. ಆ ಏರಿಕೆಯಿಂದಲೇ ರೈಲಿಗೆ ದುಡ್ಡು ಹೊಂದಿಸುವುದು, ಸರಳ ಯೋಚನೆ. ಅಲ್ಲಿನ ಸ್ಟೇಷನ್‌ಗಳ ಮುಂದೆ ರಿಕ್ಷಾಕ್ಕೆ, ಬಸ್ಸಿಗೆ ಮೊದಲೇ ಜಾಗ ಬಿಟ್ಟಿದ್ದಾರೆ. ಡೊಂಬಿವಲಿ ಪೂರ್ವದಲ್ಲಿ ಇಳಿದು ರಿಕ್ಷಾ ಲೈನ್ ಹುಡುಕುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಕೊನೆಗೆ ನಮ್ಮವರ ವಿಷಯ. ನನ್ನ ಚಿಕ್ಕಪ್ಪ ಕುಂದಾಪುರದಿಂದ ಬಂದು ಮಾಟುಂಗದ ಒಂದು ಹೋಟೆಲ್‌ನಲ್ಲಿ ಕೆಲಸಕ್ಕಿದ್ದರು. ರಾತ್ರಿ ಬಾಗಿಲು ಹಾಕಿ, ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಕೊನೆಯ ಲೋಕಲ್ ಹೋಗಿರುತ್ತಿತ್ತು. ಬೆಳಿಗ್ಗೆ ಇಡ್ಲಿಗೆ ಒಲೆ ಹಚ್ಚಬೇಕಾದಾಗ ಮೊದಲ ಲೋಕಲ್ ಬಂದಿರುತ್ತಿರಲಿಲ್ಲ. ಹಾಗಾಗಿ ಹೋಟೆಲಿನಲ್ಲೇ ಮೇಜು ಜೋಡಿಸಿ ಮಲಗಿದರು, ವರ್ಷಗಟ್ಟಲೆ. ನಾವು ಸ್ಟೇಷನ್ ಬಾಗಿಲಲ್ಲಿ ನಿಂತು, ಕೌಂಟರ್ ಒತ್ತುತ್ತಾ ಪ್ರಯಾಣಿಕರನ್ನು ಎಣಿಸುತ್ತಿದ್ದೆವು. ರಾತ್ರಿ ಒಂದರ ಮೇಲೆ ಜನ ಇಲ್ಲ, ಗಾಡಿ ಬೇಡ ಅಂತ ಬರೆಯುತ್ತಿದ್ದೆವು. ಚಿಕ್ಕಪ್ಪ ಹೇಗೆ ಸಿಗಬೇಕು ಆ ಎಣಿಕೆಯಲ್ಲಿ? ಅವರು ಸ್ಟೇಷನ್ನಿಗೆ ಬಂದೇ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರು ಕೈ ಎತ್ತಿದ್ದರು. ಕೇಳಿ ಅಣ್ಣ. ಆಮೇಲೆ ನಾನು ಠಾಣೆಗೆ ಹೊರಡಬೇಕು, ಭಾಯಂದರ್ ಬಸ್ಸು ರಾತ್ರಿ ಜಾಸ್ತಿ ಇರೋದಿಲ್ಲ.