ಉಪ್ಪುಗಾಳಿಯೂರಿನ ಬೈಕು ಮತ್ತು ಅದರ ವೈರಿಂಗ್

ಎಲ್ಲರಿಗೂ ನಮಸ್ಕಾರ.

ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿದ್ದ ಉಪ್ಪು ತಾನಾಗಿಯೇ ನೀರು ಬಿಡುವುದನ್ನು ಎಲ್ಲರೂ ಕಂಡಿದ್ದೀರಿ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಆ ತೇವವನ್ನೇ ಹೀರಿ ಕರಗುತ್ತದೆ. ಕಾರವಾರ, ಅಂಕೋಲಾ ಕಡೆ ಓಡಾಡುವ ಬೈಕಿನ ಕಪ್ಲರುಗಳ (ತಂತಿಗಳನ್ನು ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗುಗಳ) ಒಳಗೂ ನಡೆಯುವುದು ಇದೇ. ಮಳೆ ನಿಂತು ತಿಂಗಳು ಕಳೆದರೂ ಪಿನ್ನುಗಳ ಮೇಲೆ ಕೂತ ಉಪ್ಪು ರಾತ್ರಿಯಿಡೀ ಒದ್ದೆಯಾಗಿರುತ್ತದೆ, ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಹಾಗಾಗಿ ಕರಾವಳಿಯಲ್ಲಿ ಬೈಕಿನ ಕರೆಂಟ್ ಕೈಕೊಟ್ಟರೆ ಮೊದಲ ಅನುಮಾನ ಜಾಯಿಂಟುಗಳ ಮೇಲಿರಲಿ. ಬ್ಯಾಟರಿ, ಕಿಡಿ ಹುಟ್ಟಿಸುವ ಕಾಯಿಲ್, ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೊಳ್ಳುವ ಮಾತು ಆಮೇಲೆ.

ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು 12 ವೋಲ್ಟ್, 21 ವಾಟ್‌ನ ಒಂದು ಬಲ್ಬ್.

ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ ಎಂದುಕೊಳ್ಳಿ. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿಯನ್ನು ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಯೇ ಮುಂದುವರಿಯಿರಿ. ಆದರೆ 12.6 ತೋರಿಸಿದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಮೀಟರು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಸ್ಟಾರ್ಟರ್ ಮೋಟಾರಿಗೆ ಹತ್ತಾರು ಆಂಪಿಯರ್ ಬೇಕು. ಕಿಲುಬು ಹಿಡಿದ ಒಂದು ಬೋಲ್ಟಿನಲ್ಲಿ 0.05 ಓಮ್ ತಡೆ ಇದ್ದರೂ 80 ಆಂಪಿಯರ್ ಹರಿಯುವಾಗ 4 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಲೋಡ್ ಇರುವಾಗಲೇ, ಅಂದರೆ ಸ್ಟಾರ್ಟರ್ ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು.

ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಮೀಟರಿನ ಕಪ್ಪು ತಂತಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ. ಕ್ಲಾಂಪಿನ ಮೇಲಲ್ಲ, ಕಂಬದ ಮೇಲೆಯೇ. ಕೆಂಪು ತಂತಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಇನ್ನೊಬ್ಬರು ಎರಡು ಸೆಕೆಂಡ್ ಸೆಲ್ಫ್ ಒತ್ತಲಿ. 0.3 ವೋಲ್ಟ್ ಮೀರಿದರೆ ಅರ್ಥ್ ತಂತಿಯ (ಬ್ಯಾಟರಿಯ ನೆಗೆಟಿವ್‌ನಿಂದ ಗಾಡಿಯ ಲೋಹಕ್ಕೆ ಹೋಗುವ ತಂತಿಯ) ಜಾಯಿಂಟ್ ಕೆಟ್ಟಿದೆ. ಹಾಗೆಯೇ ಪಾಸಿಟಿವ್ ಕಂಬದಿಂದ ಸ್ಟಾರ್ಟರಿನ ಬೋಲ್ಟಿಗೆ ಅಳೆಯಿರಿ. ಸೆಲ್ಫ್ ಒತ್ತುವ ಮೊದಲು 12 ತೋರಿಸುವುದು ಸಹಜ, ರಿಲೇ (ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್) ಇನ್ನೂ ಕೂಡಿರುವುದಿಲ್ಲ. ಒತ್ತಿದಾಗ ಅರ್ಧ ವೋಲ್ಟಿನ ಒಳಗೆ ಇಳಿಯಬೇಕು. ಇಳಿಯದಿದ್ದರೆ ರಿಲೇ ಅಥವಾ ಅದರ ಎರಡು ಬೋಲ್ಟುಗಳನ್ನು ನೋಡಿ.

ಇನ್ನು ತೊಳೆಯುವ ವಿಷಯ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಉಪ್ಪು ಪೆಟ್ರೋಲಿನಲ್ಲೂ ಕರಗುವುದಿಲ್ಲ, ಎಣ್ಣೆಯ ಸ್ಪ್ರೇಯಲ್ಲೂ ಕರಗುವುದಿಲ್ಲ. ನೀರಿನಲ್ಲಿ ಮಾತ್ರ ಕರಗುತ್ತದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕಪ್ಲರ್ ಕಳಚಿ, ಡಿಸ್ಟಿಲ್ಡ್ ವಾಟರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್, ಕೊನೆಗೆ ತೆಳುವಾಗಿ ಸಿಲಿಕೋನ್ ಗ್ರೀಸ್. ಬ್ಯಾಟರಿ ಟರ್ಮಿನಲ್ಲಿಗಾದರೆ ಬಿಗಿದ ಮೇಲೆ ವ್ಯಾಸಲೀನ್ ಸಾಕು. ತಂತಿಯ ಸಿಪ್ಪೆ ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದು ಮಳೆಗಾಲ ದಾಟುವುದೂ ಕಷ್ಟ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದಪ್ಪ ತಂತಿ ಸುತ್ತಬೇಡಿ, ವೈರಿಂಗ್ ಪೂರ್ತಿ ಸುಡುತ್ತದೆ. ಫ್ಯೂಸಿನ ಜಾಗಕ್ಕೆ ಆ 21 ವಾಟ್ ಬಲ್ಬ್ ಜೋಡಿಸಿ. ಹೆಡ್‌ಲೈಟ್ ಕಪ್ಲರ್ ಬಿಚ್ಚಿ, ಬ್ರೇಕ್ ಮುಟ್ಟದೆ ಕೀ ಹಾಕಿ. ಬಲ್ಬ್ ಪೂರ್ಣ ಬೆಳಕಿನಲ್ಲಿ ಉರಿದರೆ ಶಾರ್ಟ್ ಇದೆ. ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂಕಾಗುತ್ತದೋ ಅದರಾಚೆಗೆ ಹುಡುಕಿ. ಹ್ಯಾಂಡಲ್ ತಿರುಗುವ ಕಡೆ ತಂತಿ ಉಜ್ಜಿರುವುದು, ಹಿಂದಿನ ಮಡ್‌ಗಾರ್ಡಿನ ಒಳಗೆ ಸವೆದಿರುವುದು ಹೆಚ್ಚು.

ಚಾರ್ಜಿಂಗ್ ಪರೀಕ್ಷೆ ಸುಲಭ: ಎಂಜಿನ್ನಿನ ವೇಗ ಏರಿಸಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಬದಲಿಸಿ.

ಕಾರವಾರದ ಬೈತಖೋಲ ಬಂದರಿನಿಂದ ಮೀನಿನ ಕ್ರೇಟ್ ಒಯ್ಯುವವರಿಗೆ ಒಂದು ಮಾತು. ಕರಗುವ ಐಸಿನ ಉಪ್ಪುನೀರು ನೇರವಾಗಿ ಟೈಲ್‌ಲೈಟ್ ಹೋಲ್ಡರಿಗೆ ಇಳಿಯುತ್ತದೆ. ಕ್ರೇಟಿನ ಕೆಳಗೆ ರಬ್ಬರ್ ಶೀಟ್ ಹಾಸಿ, ಅದರ ಅಂಚು ನಂಬರ್ ಪ್ಲೇಟಿನಾಚೆ ಇಳಿಬೀಳಲಿ. ಮನೆಗೆ ಬಂದ ಕೂಡಲೇ ಆ ಭಾಗಕ್ಕೆ ಒಂದು ಚೊಂಬು ಸಿಹಿನೀರು ಸುರಿಯಿರಿ. ಪ್ರೆಷರ್ ಪಂಪ್ ಬೇಡ, ಅದು ನೀರನ್ನು ಕಪ್ಲರಿನ ಒಳಕ್ಕೇ ನುಗ್ಗಿಸುತ್ತದೆ.