ಟಿಬಿ ಮಾತ್ರೆ ಜೊತೆ ನೆಲನೆಲ್ಲಿ ರಸ ಕುಡಿಯಬಹುದಾ?

(ಬಾಲ್ಕನಿ. ತುಳಸಿ ಕುಂಡದ ಹತ್ತಿರದ ಶಾಟ್)

ನಮಸ್ಕಾರ. ತುಳಸಿ ಪಕ್ಕದಲ್ಲಿ ತಾನಾಗೇ ಹುಟ್ಟಿದೆಯಲ್ಲ, ಹುಣಸೆ ಎಲೆ ಥರ ಸಣ್ಣ ಎಲೆ, ಅಡಿಯಲ್ಲಿ ಸಾಲಾಗಿ ಪುಟ್ಟ ಕಾಯಿ, ಅದೇ ನೆಲನೆಲ್ಲಿ. ಊರಲ್ಲಿ ಯಾರಿಗಾದರೂ ಕಾಮಾಲೆ ಅಂದರೆ ನಮ್ಮಜ್ಜಿ ಇದನ್ನೇ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಹೋದ ವಾರ ಡೊಂಬಿವಲಿಯಿಂದ ಚಿಕ್ಕಪ್ಪನ ಫೋನ್. ಅವರಿಗೆ ಟಿಬಿ ಮಾತ್ರೆ ಶುರುವಾಗಿ ಮೂರು ವಾರ. "ಈ ಮಾತ್ರೆ ಲಿವರ್ ತಿನ್ನತ್ತಂತೆ ಮಾರಾಯ, ಜೊತೆಗೆ ನೆಲನೆಲ್ಲಿ ರಸ ಕುಡೀಲಾ?"

ಹೆದರಿಕೆ ಸುಳ್ಳಲ್ಲ. ಮೊದಲ ಎರಡು ತಿಂಗಳು ಕೊಡುವ ನಾಲ್ಕು ಔಷಧಿಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಈ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು. ಎಥಾಂಬುಟಾಲ್ ಮಾತ್ರ ಪಾಪದ್ದು. ಅದರ ಕಣ್ಣು ನಮ್ಮ ಕಣ್ಣಿನ ಮೇಲೆ, ಅದು ಬೇರೆ ಕಥೆ.

ಪೆಟ್ಟು ಹೇಗೆ ಬೀಳುತ್ತದೆ ಅಂತ ತಿಳಿಯಲು ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್ ನೋಡಿ. ಲಿವರ್ ಅದನ್ನು ಒಡೆಯುವಾಗ ಸ್ವಲ್ಪ ಭಾಗ ವಿಷದಂಥ ಪದಾರ್ಥ ಆಗುತ್ತದೆ. ಲಿವರ್‌ನಲ್ಲೇ ಇರುವ ಗ್ಲುಟಾಥಯಾನ್ ಅದನ್ನು ಹಿಡಿದು ಸುಮ್ಮನಾಗಿಸುತ್ತದೆ. ಮಾತ್ರೆ ಜಾಸ್ತಿ ಆಯಿತೋ, ಗ್ಲುಟಾಥಯಾನ್ ಖಾಲಿ, ಆಮೇಲೆ ಆ ವಿಷ ಲಿವರ್ ಕಣಗಳಿಗೇ ಅಂಟಿಕೊಳ್ಳುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗಡಿ. 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ, ಲೆಕ್ಕ ಹಾಕಿ. ಗಡಿ ದಾಟಿದವರಿಗೆ ಆಸ್ಪತ್ರೆಯಲ್ಲಿ ಕೊಡುವುದು ಎನ್-ಅಸಿಟೈಲ್ ಸಿಸ್ಟೀನ್, ಖಾಲಿಯಾದ ಗ್ಲುಟಾಥಯಾನ್ ಮತ್ತೆ ತುಂಬಲಿ ಅಂತ. 8 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಯಾವ ಸೊಪ್ಪಿನಿಂದಲೂ ಬಂದದ್ದಲ್ಲ.

ಹಾಗಾದರೆ ಗಿಡಗಳು? ನೆಲನೆಲ್ಲಿ, ನೆಲಬೇವಿನ ಆಂಡ್ರೋಗ್ರಾಫೊಲೈಡ್, ಕಟುಕರೋಹಿಣಿ, ಅರಿಶಿನದ ಕರ್ಕ್ಯುಮಿನ್, ಎಲ್ಲವೂ ಇಲಿಗಳಲ್ಲಿ ಪಾಸಾಗಿವೆ. ಆದರೆ ಅಂಥ ಎಷ್ಟೋ ಪ್ರಯೋಗಗಳಲ್ಲಿ ಮೊದಲು ಕೆಲವು ದಿನ ಗಿಡದ ಸತ್ವ ಕೊಟ್ಟು, ಆಮೇಲೆ ವಿಷ ಹಾಕುತ್ತಾರೆ. ನಮ್ಮ ಮನೆಯಲ್ಲಿ ಸೊಪ್ಪು ಹುಡುಕುವುದು ಕಣ್ಣು ಹಳದಿಯಾದ ಮೇಲೆ, ಅಲ್ವಾ?

ಇನ್ನೊಂದು ಸಂಗತಿ ನನಗೆ ಜಾಸ್ತಿ ಚಿಂತೆಯದ್ದು. ಕೆಲವು ಗಿಡದ ಪದಾರ್ಥಗಳು ಔಷಧಿ ಒಡೆಯುವ ಕಿಣ್ವವನ್ನೇ ನಿಧಾನ ಮಾಡುತ್ತವೆ. ಇಲಿಯಲ್ಲಿ ವಿಷ ಕಡಿಮೆ ಹುಟ್ಟಿತು, ಲಿವರ್ ಉಳಿಯಿತು, ಸರಿ. ಆದರೆ ಬಿಪಿಗೆ, ಫಿಟ್ಸ್‌ಗೆ, ಟಿಬಿಗೆ ಅಂತ ಮಾತ್ರೆ ನುಂಗುವ ಮನುಷ್ಯನಲ್ಲಿ ಅದೇ ಕೆಲಸ ನಡೆದರೆ ಆ ಔಷಧಿ ಲೆಕ್ಕಕ್ಕಿಂತ ಹೆಚ್ಚು ಹೊತ್ತು ರಕ್ತದಲ್ಲೇ ಉಳಿಯಬಹುದು.

ಮನುಷ್ಯರಲ್ಲಿ ಜಾಸ್ತಿ ಪರೀಕ್ಷೆ ಆದದ್ದು ಸಿಲಿಮರಿನ್. ಮಿಲ್ಕ್ ಥಿಸಲ್ ಅನ್ನುವ ಮುಳ್ಳುಗಿಡದ ಬೀಜದ್ದು, ಮೆಡಿಕಲ್‌ನಲ್ಲಿ ಮಾತ್ರೆಯಾಗಿ ಸಿಗುತ್ತದೆ. ಅದರೊಳಗಿನ ಸಿಲಿಬಿನಿನ್ ಅನ್ನು ಯುರೋಪಿನಲ್ಲಿ ವಿಷದ ಅಣಬೆ ತಿಂದವರಿಗೆ ಡ್ರಿಪ್‌ನಲ್ಲಿ ಕೊಡುತ್ತಾರೆ, ಅಣಬೆಯ ವಿಷ ಲಿವರ್ ಕಣದೊಳಗೆ ಹೋಗದಂತೆ ಅದು ತಡೆಯುತ್ತದೆ. ಆದರೆ ಟಿಬಿ ರೋಗಿಗಳಲ್ಲಿ ಒಂದು ಪರೀಕ್ಷೆಯಲ್ಲಿ ಉಪಯೋಗ ಕಂಡಿತು, ಇನ್ನೊಂದರಲ್ಲಿ ಏನೂ ಇಲ್ಲ. ಬಾಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದೂ ಕಡಿಮೆ.

(ಪರದೆಯಲ್ಲಿ: ಅಮೃತಬಳ್ಳಿ)

ಇದು ನಮ್ಮ ಮುಂಬೈಯದೇ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್, ಕೊರೊನಾ ಕಾಲ, ಎಲ್ಲರ ಮನೆಯಲ್ಲೂ ಕಷಾಯ. ಅಮೃತಬಳ್ಳಿ ತೆಗೆದುಕೊಳ್ಳುತ್ತಿದ್ದ 6 ಜನರ ಲಿವರ್‌ಗೆ ಪೆಟ್ಟಾದದ್ದನ್ನು ಇಲ್ಲಿನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ ಇದ್ದಿರಬಹುದು ಅಂದಿತು. ಅದೇ ನನ್ನ ಪ್ರಶ್ನೆ ಕೂಡ. ಬಳ್ಳಿ ಯಾವುದು ಅಂತ ಲೋಕಲ್ ಹಿಡಿದು ಓಡುವ ನಾವು ಹೇಗೆ ಗುರುತಿಸೋಣ?

ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟು. ರಸ ಬೇಡ. ಹಸಿವಿಲ್ಲ, ವಾಂತಿ, ಮೂತ್ರ ಗಾಢ ಹಳದಿ, ಇದರಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಿ ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತ ಪರೀಕ್ಷೆ, ಮಾಡಿಸಿ. ಅದರಲ್ಲಿ ಎಸ್‌ಜಿಪಿಟಿ ಅಂತ ಇರುತ್ತದೆ, ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ. ತೊಂದರೆ ಜೊತೆಗೆ ಅದು ಮಾಮೂಲಿ ಮಿತಿಯ ಮೂರು ಪಟ್ಟು, ತೊಂದರೆ ಇಲ್ಲದಿದ್ದರೂ ಐದು ಪಟ್ಟು ದಾಟಿದರೆ ಅವರೇ ಮಾತ್ರೆ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಶುರು ಮಾಡುತ್ತಾರೆ. ನಿಮಗೆ ನೀವೇ ಮಾತ್ರೆ ಬಿಟ್ಟರೆ ಟಿಬಿ ಔಷಧಿಗೆ ಬಗ್ಗದ ಹಾಗೆ ಆಗಬಹುದು.

"ಸರಿ, ರಸ ಬಿಟ್ಟೆ. ಭಾನುವಾರದ್ದೊಂದು ಪೆಗ್?" ಅಂದರು. ನಾನು ಬಾಯಿ ಬಿಡುವ ಮೊದಲೇ ಹಿಂದಿನಿಂದ ಚಿಕ್ಕಮ್ಮ ಉತ್ತರ ಕೊಟ್ಟರು, ಅದನ್ನು ವಿಡಿಯೋದಲ್ಲಿ ಹೇಳೋ ಹಾಗಿಲ್ಲ.