ಊರು ಬಿಟ್ಟುಕೊಡದ ತಂಡ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್. ಅಲ್ಲಿನ ಸಾಕರ್, ಅಂದರೆ ನಾವು ಫುಟ್‌ಬಾಲ್ ಎನ್ನುವ ಆಟದ ತಂಡದ ಹೆಸರು ಕೊಲಂಬಸ್ ಕ್ರೂ. ಕ್ರೂ ಎಂದರೆ ಒಟ್ಟಾಗಿ ದುಡಿಯುವವರ ಪಡೆ. ತಂಡದ ಮೊದಲ ಲಾಂಛನದಲ್ಲಿ ಹೆಲ್ಮೆಟ್ ತೊಟ್ಟ ಮೂವರು ಕಟ್ಟಡ ಕೆಲಸಗಾರರು ಅಕ್ಕಪಕ್ಕ ನಿಂತಿದ್ದರು. ಸಿಂಹ, ಹದ್ದುಗಳೇ ಮೆರೆಯುವ ಕ್ರೀಡಾ ಲಾಂಛನಗಳ ನಡುವೆ ದುಡಿಯುವವರ ಮುಖಕ್ಕೆ ಜಾಗ ಸಿಕ್ಕಿತಲ್ಲ, ಆ ಕಾರಣಕ್ಕೇ ಈ ತಂಡದ ಮೇಲೆ ನನಗೆ ಮೊದಲು ಮಮತೆ ಹುಟ್ಟಿತು.

ಅಮೆರಿಕದ ದೊಡ್ಡ ಸಾಕರ್ ಲೀಗ್ ಆದ ಮೇಜರ್ ಲೀಗ್ ಸಾಕರ್ 1996ರಲ್ಲಿ ಹತ್ತು ತಂಡಗಳೊಂದಿಗೆ ಶುರುವಾಯಿತು. ಕ್ರೂ ಅವುಗಳಲ್ಲಿ ಒಂದು. ಏಪ್ರಿಲ್ 13ರಂದು ತವರಿನಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಡಿ.ಸಿ. ಯುನೈಟೆಡ್ ತಂಡವನ್ನು 4-0 ಗೋಲುಗಳಿಂದ ಸೋಲಿಸಿತು. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆದರೆ ಆ ಅಂಗಳ ಅದರದ್ದಾಗಿರಲಿಲ್ಲ. ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಅದು ಬಾಡಿಗೆಗಿತ್ತು.

ತಂಡವನ್ನು ನಡೆಸುತ್ತಿದ್ದ ಲಮಾರ್ ಹಂಟ್ ಸ್ವಂತ ಮೈದಾನ ಬೇಕೆಂದು ಹಟ ಹಿಡಿದರು. ತೆರಿಗೆ ಹಣದ ನೆರವಿಗಾಗಿ ಕೊಲಂಬಸ್‌ನಲ್ಲಿ ಮತದಾನ ನಡೆಯಿತು, ಜನ ಒಪ್ಪಲಿಲ್ಲ. ಪಕ್ಕದ ಡಬ್ಲಿನ್ ಊರಿನಲ್ಲೂ ಅದೇ ಉತ್ತರ. ಕೊನೆಗೆ ರಾಜ್ಯದ ವಸ್ತುಪ್ರದರ್ಶನ ಮೈದಾನದ ಒಂದು ತುಂಡು ಜಾಗವನ್ನು ಗುತ್ತಿಗೆಗೆ ಪಡೆದು, ಸುಮಾರು 2.85 ಕೋಟಿ ಡಾಲರ್ ಖಾಸಗಿ ಹಣದಿಂದಲೇ ಕಟ್ಟಿಸಿದರು. 1999ರ ಮೇ 15ರಂದು ಅದು ತೆರೆಯಿತು. ತಲೆಯ ಮೇಲೆ ಸೂರಿಲ್ಲ, ಅಲಂಕಾರವಿಲ್ಲ. ಆದರೂ ಲೀಗ್‌ನ ತಂಡವೊಂದಕ್ಕೆಂದೇ ಕಟ್ಟಿದ ಮೊದಲ ಸಾಕರ್ ಕ್ರೀಡಾಂಗಣ ಅದು. ಬಳಿಕ ಉಳಿದ ಊರುಗಳೂ ಅದೇ ದಾರಿ ಹಿಡಿದವು. ಆ ಜಾಗ ಸರ್ಕಾರದ್ದು ಎಂಬ ಸಂಗತಿಯನ್ನು ಮಾತ್ರ ನೆನಪಿನಲ್ಲಿಡಿ.

ಹಂಟ್ 2006ರಲ್ಲಿ ತೀರಿಕೊಂಡರು. ಎರಡೇ ವರ್ಷಕ್ಕೆ ಕ್ರೂ ಮೊದಲ ಬಾರಿ ಲೀಗ್ ಕಪ್ ಗೆದ್ದಿತು. ಅಂತಿಮ ಪಂದ್ಯದಲ್ಲಿ ಕ್ರೂ ಹೊಡೆದ ಮೂರೂ ಗೋಲುಗಳಿಗೆ ಚೆಂಡು ಒದಗಿಸಿದವರು ಅರ್ಜೆಂಟೀನಾದ ಗಿಯೆರ್ಮೊ ಬಾರೊಸ್ ಶೆಲೊಟ್ಟೊ.

2013ರಲ್ಲಿ ಹಂಟ್ ಕುಟುಂಬ ತಂಡವನ್ನು ಆಂಥನಿ ಪ್ರಿಕೋರ್ಟ್ ಅವರಿಗೆ ಮಾರಿತು. ಹತ್ತು ವರ್ಷ ತಂಡ ಕೊಲಂಬಸ್‌ನಲ್ಲೇ ಇರಬೇಕೆಂಬ ಕರಾರಿತ್ತು. ಟೆಕ್ಸಸ್‌ನ ಆಸ್ಟಿನ್ ನಗರಕ್ಕೆ ಮಾತ್ರ ಅದರಲ್ಲಿ ವಿನಾಯಿತಿ ಇತ್ತು! 2017ರ ಅಕ್ಟೋಬರ್‌ನಲ್ಲಿ ಅದು ಬಯಲಾಯಿತು: ಪೇಟೆಯ ನಡುವೆ ಹೊಸ ಕ್ರೀಡಾಂಗಣ ಸಿಗದಿದ್ದರೆ ತಂಡ ಆಸ್ಟಿನ್‌ಗೆ ಹೋಗಬಹುದು ಎಂಬ ಸುದ್ದಿ ಬಂತು. ಅಮೆರಿಕದಲ್ಲಿ ಇದು ಹೊಸದೇನಲ್ಲ. ಸ್ಯಾನ್ ಹೊಸೆ ಊರಿನ ತಂಡ 2005ರ ನಂತರ ಹೂಸ್ಟನ್‌ಗೆ ಹೋಗಿಯೇ ಬಿಟ್ಟಿತ್ತು.

ಕೊಲಂಬಸ್‌ನ ಜನ ಸುಮ್ಮನೆ ಕೂರಲಿಲ್ಲ. 'ಸೇವ್ ದ ಕ್ರೂ' ಎಂಬ ಫಲಕಗಳು ಮನೆಯಂಗಳಗಳಲ್ಲಿ, ಅಂಗಡಿಗಳ ಗಾಜಿನ ಮೇಲೆ ಎದ್ದವು. ಎದುರಾಳಿ ತಂಡಗಳ ಅಭಿಮಾನಿಗಳೂ ತಮ್ಮ ಊರಿನ ಗ್ಯಾಲರಿಗಳಲ್ಲಿ ಅದೇ ಬ್ಯಾನರ್ ಹಿಡಿದರು. ಇನ್ನೊಂದೆಡೆ ಒಂದು ಹಳೆಯ ಕಾನೂನು ಹೊರಬಂತು. ಒಹಾಯೊದ ಇನ್ನೊಂದು ನಗರ ಕ್ಲೀವ್‌ಲ್ಯಾಂಡ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಬ್ರೌನ್ಸ್ ಅನ್ನು ಅದರ ಮಾಲೀಕ ಆರ್ಟ್ ಮೊಡೆಲ್ ಬಾಲ್ಟಿಮೋರ್‌ಗೆ ಒಯ್ದ ನೋವಿನಲ್ಲಿ 1996ರಲ್ಲಿ ಒಹಾಯೊ ಮಾಡಿದ ಕಾನೂನದು. ಸಾರ್ವಜನಿಕ ನೆರವು ಪಡೆದ ತಂಡ ಊರು ಬಿಡುವುದಾದರೆ ಆರು ತಿಂಗಳ ಮೊದಲೇ ತಿಳಿಸಬೇಕು, ಕೊಳ್ಳಲು ಸ್ಥಳೀಯರಿಗೆ ಅವಕಾಶ ಕೊಡಬೇಕು. ಸರ್ಕಾರಿ ಜಾಗದ ಗುತ್ತಿಗೆ ಈಗ ಕೈಹಿಡಿಯಿತು. 2018ರ ಮಾರ್ಚ್‌ನಲ್ಲಿ ರಾಜ್ಯವೂ ನಗರವೂ ನ್ಯಾಯಾಲಯದ ಮೆಟ್ಟಿಲೇರಿದವು.

ಅಂತಿಮ ತೀರ್ಪಿನವರೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಅದೇ ವರ್ಷ ಕೊಳ್ಳುವವರು ಮುಂದೆ ಬಂದರು: ಕ್ಲೀವ್‌ಲ್ಯಾಂಡ್‌ನಲ್ಲಿ ಅದೇ ಹೆಸರಿನಲ್ಲಿ ಮತ್ತೆ ಕಟ್ಟಿದ ಬ್ರೌನ್ಸ್ ತಂಡದ ಒಡೆಯರಾದ ಹ್ಯಾಸ್ಲಮ್ ಕುಟುಂಬ, ಜೊತೆಗೆ ಕ್ರೂ ಆಟಗಾರರಿಗೆ ವರ್ಷಗಟ್ಟಲೆ ಚಿಕಿತ್ಸೆ ನೀಡಿದ್ದ ತಂಡದ ವೈದ್ಯ ಪೀಟ್ ಎಡ್ವರ್ಡ್ಸ್ ಅವರ ಕುಟುಂಬ. ಆಸ್ಟಿನ್‌ಗೆ ಬೇರೆಯೇ ತಂಡ ಸಿಕ್ಕಿತು.

2020ರ ಡಿಸೆಂಬರ್ 12. ಕೊರೊನಾ ಕಾಲ. ಇಪ್ಪತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಸುಮಾರು ಒಂದೂವರೆ ಸಾವಿರ ಮಂದಿಗೆ ಮಾತ್ರ ಪ್ರವೇಶ. ಆ ಖಾಲಿ ಬೆಂಚುಗಳ ನಡುವೆ ಕ್ರೂ ಸಿಯಾಟಲ್ ತಂಡವನ್ನು 3-0ರಿಂದ ಮಣಿಸಿ ಕಪ್ ಎತ್ತಿತು. ಮೂರು ವರ್ಷಗಳ ಹಿಂದೆ ಊರು ಬಿಡಬೇಕಿದ್ದ ತಂಡ!

ಮರುವರ್ಷ ಮಾಲೀಕರು ಹೆಸರನ್ನು 'ಕೊಲಂಬಸ್ ಎಸ್‌ಸಿ' (ಸಾಕರ್ ಕ್ಲಬ್) ಎಂದು ಬದಲಿಸಹೊರಟರು. ಅಭಿಮಾನಿಗಳು ಮತ್ತೆ ಎದ್ದರು. ಸುಮಾರು ಒಂದು ವಾರದಲ್ಲಿ 'ಕ್ರೂ' ಹೆಸರು ಮರಳಿತು. 2021ರ ಜುಲೈನಲ್ಲಿ ಪೇಟೆಯಲ್ಲಿ ಹೊಸ ಕ್ರೀಡಾಂಗಣ ತೆರೆಯಿತು, 2023ರಲ್ಲಿ ಅಲ್ಲೇ ಮೂರನೆಯ ಕಪ್ ಬಂತು. ಹಂಟ್ ಕಟ್ಟಿಸಿದ ಸೂರಿಲ್ಲದ ಹಳೆಯ ಅಂಗಳವನ್ನು ಕೆಡವಲಿಲ್ಲ. ತಂಡದ ಅಭ್ಯಾಸಕ್ಕೆ ಅದನ್ನು ಉಳಿಸಿಕೊಂಡರು, ಕ್ರೂ ಬೆಳೆಸುತ್ತಿರುವ ಎಳೆಯ ಆಟಗಾರರ ಎರಡನೆಯ ತಂಡವೂ ಅಲ್ಲಿಯೇ ಆಡತೊಡಗಿತು.

ನಮಸ್ಕಾರ.